ಎಲೆಯೇ ಹೂವಾದ ಗಿಡ

ಗೃಹಸ್ಥನ ಮನೆಗೆ ಬಂದ ಗಿಡವು ಅಲಂಕಾರದ ವಸ್ತುವಷ್ಟೇ ಅಲ್ಲ, ಅವನ ಆಶ್ರಿತವೂ ಹೌದು. ಹಸುವು ಹಸಿದರೆ ಅಂಬಾ ಎನ್ನುವುದು. ಮಗುವು ಬಾಯಾರಿದರೆ ಅಳುವುದು. ಗಿಡವಾದರೋ ಕೂಗಲೂ ಅರಿಯದು, ಅಳಲೂ ಅರಿಯದು. ಅದರ ಮೌನವನ್ನು ಓದಿಕೊಳ್ಳುವ ಭಾರವು ಸಾಕುವವನ ಮೇಲೆಯೇ ಬೀಳುತ್ತದೆ. ನಮ್ಮ ನೆಲದ ಗಿಡಗಳ ವಿಷಯದಲ್ಲಿ ಈ ಓದು ನಮ್ಮ ಜನರಿಗೆ ತಲೆತಲಾಂತರದಿಂದ ಬಂದಿದೆ. ತುಳಸಿಗೆ ದಿನವೂ ನೀರು, ಮಲ್ಲಿಗೆಗೆ ಬಿಸಿಲು, ವೀಳ್ಯದೆಲೆಯ ಬಳ್ಳಿಗೆ ನೆರಳು ಎಂಬುದನ್ನು ಯಾವ ಗೃಹಿಣಿಗೂ ಹೇಳಿಕೊಡಬೇಕಾದುದಿಲ್ಲ. ಆದರೆ ದೂರದೇಶದಿಂದ ಬಂದ ಅತಿಥಿಗೆ ಅವನ ಊಟದ ಕ್ರಮವನ್ನು ಕೇಳಿ ತಿಳಿದು ಬಡಿಸಬೇಕಷ್ಟೆ? ಅಂಥ ಒಬ್ಬ ಅತಿಥಿಯ ವಿಷಯವನ್ನು ಈ ತಿಂಗಳು ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು, ಅಥವಾ ಯಾವುದಾದರೊಂದು ನರ್ಸರಿಯ ಬಾಗಿಲಲ್ಲಿ ಕ್ಷಣಕಾಲ ನಿಂತವರು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕುಂಡಗಳಲ್ಲಿ ಕುಳಿತಿರುವ ಒಂದು ಬಗೆಯ ಗಿಡವನ್ನು ನೋಡಿಯೇ ಇರುವರು. ದೂರದಿಂದ ಅದು ಅರಳಿದ ಹೂವಿನಂತೆ ಕಾಣುತ್ತದೆ. ಹತ್ತಿರ ಬಂದರೆ ಹೂವಲ್ಲ, ಎಲೆ! ದಪ್ಪನಾದ, ರಸ ತುಂಬಿದ ಎಲೆಗಳು ಕಮಲದ ದಳಗಳಂತೆ ನಡುವಿನಿಂದ ಸುತ್ತುಸುತ್ತಾಗಿ ಹೊರಟು ಒಂದರ ಬೆನ್ನಿಗೆ ಇನ್ನೊಂದು ಒರಗಿಕೊಂಡಿರುತ್ತವೆ. ಕೆಲವು ಬೂದು ನೀಲಿ, ಕೆಲವು ಎಳೆಹಸುರು, ಕೆಲವಕ್ಕೆ ತುದಿಯಲ್ಲಿ ಕುಂಕುಮದ ಬೊಟ್ಟು. ನರ್ಸರಿಯವರು ಇಂಥವನ್ನೆಲ್ಲ ಒಟ್ಟಾಗಿ ‘ಸಕ್ಯುಲೆಂಟ್’ ಎಂದು ಕರೆಯುತ್ತಾರೆ. ಇವುಗಳೊಳಗೆ ರೂಪದಲ್ಲಿಯೂ ಬಣ್ಣದಲ್ಲಿಯೂ ಮುಂದಾಗಿರುವುದು ‘ಎಚೆವೇರಿಯ’ ಎಂಬ ಕುಲ. ಅದರೊಳಗೂ ‘ನ್ಯೂರ್ನ್‌ಬೆರ್ಗಿನ ಮುತ್ತು’ ಎಂಬ ಅರ್ಥದ ಜರ್ಮನ್ ಹೆಸರನ್ನು ಹೊತ್ತಿರುವ ತಳಿಯು ಹೆಚ್ಚು ಪ್ರಸಿದ್ಧವಾದುದು. ಬೂದುಬಣ್ಣದ ಮೇಲೆ ನೇರಿಳೆಯ ಛಾಯೆ, ಅಂಚಿನಲ್ಲಿ ಗುಲಾಬಿ. ಮುತ್ತೆಂಬ ಹೆಸರು ಅದಕ್ಕೆ ಸಲ್ಲುವಂಥದೇ.

ನೋಡಿದವರು ಕೊಳ್ಳದೆ ಬರುವುದು ಕಷ್ಟ. ಕೊಂಡು ತಂದ ಮೇಲೆ ನಡೆಯುವುದೇನು? ಮೊದಲ ವಾರ ಮನೆಮಂದಿಯೆಲ್ಲ ಸುತ್ತ ನಿಂತು ನೋಡುವರು. ಎರಡನೆಯ ತಿಂಗಳಿಗೆ ಬಣ್ಣವು ಮಾಸಿ ಗಿಡವು ಹಸುರಾಗಿ ಉದ್ದಕ್ಕೆ ಬೆಳೆಯತೊಡಗುವುದು. ಮೂರನೆಯ ತಿಂಗಳಿಗೆ ಒಂದು ಬೆಳಗ್ಗೆ ಮುಟ್ಟಿದರೆ ಎಲೆಗಳೆಲ್ಲ ಬೆಂದ ಬದನೆಕಾಯಿಯಂತೆ ಕಳಚಿ ಬೀಳುವುವು. “ನಮ್ಮ ಕೈಗುಣವೇ ಸರಿಯಿಲ್ಲ” ಎಂದು ಗೃಹಿಣಿಯು ನಿಟ್ಟುಸಿರುಬಿಟ್ಟು ಖಾಲಿ ಕುಂಡವನ್ನು ಹಿತ್ತಿಲಿಗೆ ಸೇರಿಸುವಳು. ಮತ್ತೆ ಬೇರೆ ಗಿಡವನ್ನು ತರುವ ಉತ್ಸಾಹವೂ ಅದರೊಡನೆ ಹಿತ್ತಿಲು ಸೇರುವುದು. ನಾವು ಈ ಲೇಖನವನ್ನು ಬರೆಯಲು ಈ ಮಾತೇ ಮುಖ್ಯ ಕಾರಣ. ಗಿಡವು ಸತ್ತದ್ದು ಕೈಗುಣದಿಂದಲ್ಲ. ಬಹುಮಟ್ಟಿಗೆ ಪ್ರೀತಿಯ ಅತಿರೇಕದಿಂದ. ಅದರ ಹುಟ್ಟನ್ನೂ ನಡೆಯನ್ನೂ ಅರಿತರೆ ಇದನ್ನು ಸಾಕುವಷ್ಟು ಸುಲಭವಾದ ಕೆಲಸವು ಮನೆಯೊಳಗೆ ಮತ್ತೊಂದಿಲ್ಲ.

ಹೆಸರಿನ ಕಥೆ

ಎಚೆವೇರಿಯದ ತವರು ಮೆಕ್ಸಿಕೋ ದೇಶ. ಕೆಲವು ಜಾತಿಗಳು ದಕ್ಷಿಣ ಅಮೆರಿಕದವರೆಗೂ ಹಬ್ಬಿದ್ದರೂ ಹೆಚ್ಚಿನವು ಮೆಕ್ಸಿಕೋದ ಎತ್ತರದ ಗುಡ್ಡಗಳಲ್ಲಿ, ಬಂಡೆಯ ಬಿರುಕುಗಳಲ್ಲಿ, ಕಡಿದಾದ ಕೊರಕಲುಗಳಲ್ಲಿ ಹುಟ್ಟುವಂಥವು. ಅಲ್ಲಿ ಮಳೆ ಬಂದರೆ ಬಂಡೆಯಿಂದ ಕ್ಷಣದಲ್ಲಿ ಇಳಿದುಹೋಗುತ್ತದೆ. ಹಗಲು ಬಿಸಿಲು, ರಾತ್ರಿ ತಂಪು. ಬೇರಿಗೆ ಸಿಕ್ಕುವ ಮಣ್ಣು ಒಂದು ಹಿಡಿ. ಪಾಲನೆಯ ಸೂತ್ರಗಳೆಲ್ಲ ಈ ಒಂದು ವಾಕ್ಯದಲ್ಲಿಯೇ ಅಡಗಿವೆ ಎಂಬುದನ್ನು ವಾಚಕರು ಮುಂದೆ ಕಾಣುವರು.

ಹೆಸರು ಬಂದ ಬಗೆಯು ತಿಳಿಯತಕ್ಕದ್ದಾಗಿದೆ. ಸ್ಪೇನ್ ದೇಶದ ರಾಜನು ೧೭೮೭ರಲ್ಲಿ ತನ್ನ ಅಧೀನದಲ್ಲಿದ್ದ ಮೆಕ್ಸಿಕೋ ಸೀಮೆಯ ಗಿಡಮರಗಳನ್ನು ಶೋಧಿಸಲು ಒಂದು ತಂಡವನ್ನು ನೇಮಿಸಿದನು. ಸೆಸ್ಸೆ, ಮೊಸಿನ್ಯೊ ಎಂಬ ಪಂಡಿತರು ಅದರ ಮುಖ್ಯಸ್ಥರು. ಅವರೊಡನೆ ಗಿಡಗಳ ಚಿತ್ರವನ್ನು ಬರೆಯಲು ಹೋದವರಲ್ಲಿ ಅತನಾಸಿಯೊ ಎಚೆವೇರಿಯ ಎಂಬ ಮೆಕ್ಸಿಕೋ ದೇಶದ ಯುವಕನೂ ಒಬ್ಬನು. ಹಲವು ವರ್ಷಗಳ ತಿರುಗಾಟದಲ್ಲಿ ಸಿದ್ಧವಾದ ಚಿತ್ರಗಳು ಸುಮಾರು ಎರಡು ಸಾವಿರ. ಕಾಲಾಂತರದಲ್ಲಿ ಸ್ಪೇನ್ ದೇಶವನ್ನು ಬಿಟ್ಟು ಓಡಬೇಕಾಗಿ ಬಂದ ಮೊಸಿನ್ಯೊ ಆ ಚಿತ್ರಗಳನ್ನು ಜತೆಗೇ ಒಯ್ದು ಡಿ ಕಂಡೋಲ್ ಎಂಬ ಹೆಸರಾಂತ ಸಸ್ಯಶಾಸ್ತ್ರಜ್ಞನ ವಶಕ್ಕೆ ಕೊಟ್ಟನು. ೧೮೧೭ರಲ್ಲಿ ಅವನಿಗೆ ಸ್ವದೇಶಕ್ಕೆ ಮರಳಲು ಅನುಮತಿ ಸಿಕ್ಕಲು, ಚಿತ್ರಗಳು ಹಿಂದಕ್ಕೆ ಬೇಕೆಂದು ಬರೆದನು. ಆಗ ಡಿ ಕಂಡೋಲನು ಜಿನೀವಾ ನಗರದಲ್ಲಿದ್ದನು. ಮೂಲವನ್ನು ಮರಳಿಸಬೇಕು, ವಿದ್ಯೆಯೂ ಉಳಿಯಬೇಕು! ಊರಿನಲ್ಲಿ ಚಿತ್ರ ಬರೆಯಬಲ್ಲವರನ್ನೆಲ್ಲ ಬೇಡಿಕೊಳ್ಳಲು, ನೂರಕ್ಕೂ ಮಿಕ್ಕ ಜನರು, ಅವರಲ್ಲಿ ಬಹುಮಂದಿ ಗೃಹಿಣಿಯರು ಮತ್ತು ಕನ್ಯೆಯರು, ಕೆಲವೇ ದಿನಗಳಲ್ಲಿ ನೂರಾರು ಚಿತ್ರಗಳನ್ನು ಪ್ರತಿಮಾಡಿಕೊಟ್ಟರು.

ಮೊಸಿನ್ಯೊ ೧೮೨೦ರಲ್ಲಿ ಬಾರ್ಸಿಲೋನದಲ್ಲಿ ತೀರಿಕೊಂಡನು. ಮೂಲಚಿತ್ರಗಳು ಎಲ್ಲಿ ಹೋದುವೆಂಬುದು ಒಂದೂವರೆ ಶತಮಾನದವರೆಗೆ ವಿದ್ವಾಂಸರಿಗೆ ತಿಳಿಯಲಿಲ್ಲ. ಒಂದು ಮನೆತನದ ಪುಸ್ತಕ ಸಂಗ್ರಹದಿಂದ ಹೊರಬಿದ್ದು ೧೯೮೧ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹಂಟ್ ಸಂಸ್ಥೆಯನ್ನು ಸೇರಿದುವು. ಇತ್ತ ಡಿ ಕಂಡೋಲನು ೧೮೨೮ರಲ್ಲಿ ಈ ಗಿಡದ ಕುಲಕ್ಕೆ ಚಿತ್ರಕಾರನ ಹೆಸರನ್ನೇ ಇಟ್ಟನು. ರಾಜನ ಹೆಸರನ್ನೂ ಧನಿಕನ ಹೆಸರನ್ನೂ ಗಿಡಗಳಿಗೆ ಇಡುವುದು ಅಂದಿನ ವಾಡಿಕೆ. ಕುಂಚ ಹಿಡಿದವನಿಗೆ ದೊರೆತ ಈ ಗೌರವವು ನಮ್ಮ ಮನಸ್ಸಿಗೆ ಬಹಳ ಸೊಗಸೆನಿಸಿದೆ.

ಹುಳಿಯ ರಹಸ್ಯ

ಈ ಗಿಡದ ಒಳಬಾಳಿಗೂ ನಮ್ಮ ನಾಡಿಗೂ ಒಂದು ಸಂಬಂಧವುಂಟು. ಟಿಪ್ಪು ಸುಲ್ತಾನನ ಪತನಾನಂತರ, ೧೮೦೦ರ ಸುಮಾರಿಗೆ, ಲಾಲ್‌ಬಾಗ್ ತೋಟವನ್ನು ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಒಪ್ಪಿಸಲಾಯಿತು. ಜರ್ಮನಿಯಲ್ಲಿ ಹುಟ್ಟಿ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಗೆ ಬಂದಿದ್ದ ಇವನು ಭಾರತದಲ್ಲಿದ್ದಾಗ ಒಂದು ವಿಚಿತ್ರವನ್ನು ಕಂಡನು. ನಮ್ಮಲ್ಲಿ ಕಾಡುಬಸಳೆಯೆಂದು ಕರೆಯುವ ಗಿಡವುಂಟಷ್ಟೆ. ಎಲೆಯ ಅಂಚಿನಿಂದಲೇ ಮರಿಗಳನ್ನು ಹುಟ್ಟಿಸುವ ಕಾರಣ ಸಂಸ್ಕೃತದಲ್ಲಿ ‘ಪರ್ಣಬೀಜ’ವೆಂಬ ಅನ್ವರ್ಥನಾಮವನ್ನು ಪಡೆದಿರುವುದು. ಅದರ ಎಲೆಯು ಮುಂಜಾನೆ ಬಾಯಿಗೆ ಹಾಕಿದರೆ ಬಲು ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ! ಒಂದೇ ಎಲೆಗೆ ಮೂರು ಹೊತ್ತಿಗೆ ಮೂರು ರುಚಿ. ಇದನ್ನು ಹೈನ್ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಬರೆದು ತಿಳಿಸಿದನು. ೧೮೧೫ರಲ್ಲಿ ಅದು ಅಚ್ಚಾಯಿತು. (ವಾಚಕರು ಇದನ್ನು ತಿಂದು ಪರೀಕ್ಷಿಸುವ ಸಾಹಸಕ್ಕೆ ಹೋಗಬಾರದು. ಕಾಡುಬಸಳೆಯಲ್ಲಿ ಹೃದಯಕ್ಕೆ ಕೆಡುಕಾದ ವಸ್ತುಗಳಿದ್ದು ದನಗಳಿಗೂ ಅದು ವಿಷವಾಗಬಲ್ಲುದು.)

ಹುಳಿಯ ಕಾರಣವು ಮುಂದೆ ಹಲವು ಪಂಡಿತರ ಶೋಧನೆಯಿಂದ ಸ್ಪಷ್ಟವಾಯಿತು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯೊಳಗಿನ ಇಂಗಾಲಾಮ್ಲವನ್ನು ಒಳಕ್ಕೆ ಸೆಳೆದುಕೊಳ್ಳುತ್ತವೆ; ಅದೇ ಬಾಗಿಲಿನಿಂದ ಮೈಯ ನೀರೂ ಆವಿಯಾಗಿ ಹೊರಹೋಗುತ್ತದೆ. ಕಾಡುಬಸಳೆ, ಎಚೆವೇರಿಯ ಮೊದಲಾದುವು ಒಂದೇ ಕುಟುಂಬಕ್ಕೆ ಸೇರಿದುವು. ಅವು ಹಗಲು ಬಾಗಿಲನ್ನು ಭದ್ರವಾಗಿ ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಸೆಳೆದುಕೊಂಡುದನ್ನು ಹುಳಿಯ ರೂಪದಲ್ಲಿ ಎಲೆಯೊಳಗೆ ಕೂಡಿಟ್ಟು, ಮರುದಿನ ಸೂರ್ಯನು ಬಂದ ಮೇಲೆ ಬಾಗಿಲು ಮುಚ್ಚಿಕೊಂಡೇ ಅದರಿಂದ ಸಕ್ಕರೆಯನ್ನು ಮಾಡಿಕೊಳ್ಳುತ್ತವೆ. ಬೆಳಗಿನ ಹುಳಿಯು ಮಧ್ಯಾಹ್ನಕ್ಕೆ ಕರಗುವುದು ಇದರಿಂದಲೇ. ಜಿಪುಣನ ಮನೆವಾರ್ತೆಯೆಂದರೆ ಇದು! ಇಂಥ ಗಿಡಕ್ಕೆ ದಿನವೂ ಒಂದು ಚೊಂಬು ನೀರೆರೆಯುವುದೆಂದರೆ, ಒಪ್ಪೊತ್ತಿನ ವ್ರತಸ್ಥನಿಗೆ ಮೂರು ಹೊತ್ತು ಹೋಳಿಗೆಯೂಟವನ್ನು ಬಲವಂತವಾಗಿ ಉಣಿಸಿದಂತೆಯೇ ಸರಿ.

ಎಲೆಗಳ ಜೋಡಣೆಯಲ್ಲಿಯೂ ಒಂದು ಲೆಕ್ಕವುಂಟು. ಪ್ರತಿಯೊಂದು ಹೊಸ ಎಲೆಯೂ ಹಿಂದಿನ ಎಲೆಯಿಂದ ಸುಮಾರು ೧೩೭ ಡಿಗ್ರಿ ತಿರುಗಿ ಹುಟ್ಟುವುದರಿಂದ ಯಾವ ಎಲೆಯೂ ಕೆಳಗಿನ ಎಲೆಗೆ ನೇರವಾಗಿ ನೆರಳಾಗುವುದಿಲ್ಲ. ಮೇಲಿನಿಂದ ನೋಡಿ ಬಲಕ್ಕೆ ಸುತ್ತುವ ಸುರುಳಿಗಳನ್ನೂ ಎಡಕ್ಕೆ ಸುತ್ತುವ ಸುರುಳಿಗಳನ್ನೂ ಬೇರೆಬೇರೆಯಾಗಿ ಎಣಿಸಿದರೆ, ೩, ೫, ೮, ೧೩ ಎಂಬ ಶ್ರೇಣಿಯ ಪಕ್ಕಪಕ್ಕದ ಎರಡು ಸಂಖ್ಯೆಗಳು ಸಾಮಾನ್ಯವಾಗಿ ಸಿಕ್ಕುವುವು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಛಂದಸ್ಸನ್ನು ಓದಿದವರಿಗೆ ಇದು ಹಳೆಯ ಪರಿಚಯ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು; ಮೂರು ಮಾತ್ರೆಗಳನ್ನು ತುಂಬುವ ಬಗೆಗಳು ಮೂರು, ನಾಲ್ಕು ಮಾತ್ರೆಗಳಿಗೆ ಐದು, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ವಿರಹಾಂಕನೂ, ಸುಮಾರು ೧೧೫೦ರಲ್ಲಿ ಹೇಮಚಂದ್ರನೂ ಈ ಗಣಿತವನ್ನು ಹೇಳಿದ್ದರು. ಇಟಲಿಯ ಫಿಬೊನಾಚಿಯ ಗ್ರಂಥವು ಬಂದದ್ದು ೧೨೦೨ರಲ್ಲಿ. ಮಕ್ಕಳ ಕೈಗೆ ಒಂದು ಕುಂಡವನ್ನು ಕೊಟ್ಟು ಸುರುಳಿಗಳನ್ನು ಎಣಿಸಲು ಹೇಳಿದರೆ ಗಣಿತ, ಛಂದಸ್ಸು, ಸಸ್ಯಶಾಸ್ತ್ರ ಮೂರಕ್ಕೂ ಒಂದೇ ಪಾಠವಾಗುವುದು.

ಬೆಳಕು

ಇನ್ನು ಪಾಲನೆಯ ಕ್ರಮವನ್ನು ಹೇಳುವೆವು. ಎಲ್ಲಕ್ಕೂ ಮೊದಲು ಬೆಳಕು. ಈ ಗಿಡದ ಬಣ್ಣವು ಸುಖದಲ್ಲಿ ಹುಟ್ಟಿದುದಲ್ಲ. ಬಿಸಿಲು ಚೆನ್ನಾಗಿ ಬಿದ್ದಾಗ, ರಾತ್ರಿ ಚಳಿಯಾದಾಗ, ಎಲೆಯು ತನ್ನನ್ನು ಕಾಪಾಡಿಕೊಳ್ಳಲು ಕೆಂಪು ವರ್ಣದ್ರವ್ಯವನ್ನು ತಯಾರಿಸಿಕೊಳ್ಳುತ್ತದೆ. ಅದೇ ಗಿಡವನ್ನು ನಡುಮನೆಯ ಮೇಜಿನ ಮೇಲೆ ನೆರಳಿನಲ್ಲಿಟ್ಟರೆ ಕೆಂಪು ಬೇಕಾಗದು. ಬಣ್ಣವು ಅಳಿದು ಹಸುರು ಉಳಿಯುವುದು. ಅಷ್ಟೇ ಅಲ್ಲ, ಬೆಳಕನ್ನು ಹುಡುಕುತ್ತ ಗಿಡವು ಕತ್ತು ನೀಳಮಾಡಿಕೊಂಡು ಎಲೆಗಳ ನಡುವೆ ಅಂತರ ಬಿಡುತ್ತ ಬೆಳೆಯುವುದು. ಹಾಗೆ ಒಮ್ಮೆ ನೀಳವಾದುದು ಮತ್ತೆ ಕುಗ್ಗದು.

ಆದುದರಿಂದ ದಿನಕ್ಕೆ ನಾಲ್ಕರಿಂದ ಆರು ಗಂಟೆಗಳಷ್ಟು ಬಿಸಿಲು ಬೀಳುವ ಸ್ಥಳವೇ ಬೇಕು. ಪೂರ್ವ ದಿಕ್ಕಿನ ಕಿಟಕಿ, ಜಗುಲಿ, ಇಲ್ಲವೆ ಬಾಲ್ಕನಿಯು ಸರ್ವೋತ್ತಮ. ಬೆಳಗಿನ ಎಳೆಬಿಸಿಲು ಗುಣ, ಬೇಸಗೆಯ ನಡುಹಗಲಿನ ಬಿಸಿಲು ದೋಷ. ನರ್ಸರಿಯ ನೆರಳಿನಿಂದ ತಂದ ಗಿಡವನ್ನು ಅದೇ ದಿನ ತಾರಸಿಯ ಸುಡುಬಿಸಿಲಿಗೆ ಇಡಕೂಡದು. ಮೊದಲು ಒಂದು ಗಂಟೆ, ಆಮೇಲೆ ಎರಡು, ಹೀಗೆ ಹತ್ತು ಹದಿನೈದು ದಿನಗಳಲ್ಲಿ ಅಭ್ಯಾಸಮಾಡಿಸತಕ್ಕದ್ದು. ಬಿಸಿಲಿಗೆ ಸುಟ್ಟ ಕಲೆಯು ಆ ಎಲೆ ಬೀಳುವವರೆಗೂ ಮಾಯುವುದಿಲ್ಲ. ಕಿಟಕಿಯಲ್ಲಿಟ್ಟ ಕುಂಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿದರೆ ಗಿಡವು ಒಂದೇ ಕಡೆಗೆ ವಾಲದೆ ಸಮನಾಗಿರುವುದು.

ಎಲೆಯ ಮೇಲೆ ಬೂದುಗುಂಬಳಕಾಯಿಯ ಮೇಲಿರುವಂಥ ಬಿಳಿಯ ಪುಡಿಯು ಕಾಣುವುದು. ಧೂಳೆಂದು ಭಾವಿಸಿ ಅದನ್ನು ಬಟ್ಟೆಯಿಂದ ಒರಸುವವರುಂಟು. ಅದು ಗಿಡವು ತಾನೇ ಹೊರಸೂಸುವ ಮೇಣ. ಸುಡುಬಿಸಿಲನ್ನು ಹಿಂದಕ್ಕೆ ತಳ್ಳಿ ನೀರನ್ನು ಒಳಗೇ ಉಳಿಸುವ ಕವಚ. ಒಮ್ಮೆ ಉಜ್ಜಿ ತೆಗೆದರೆ ಬಲಿತ ಎಲೆಯ ಮೇಲೆ ಅದು ಮತ್ತೆ ಸರಿಯಾಗಿ ಕೂಡುವುದಿಲ್ಲ, ಬೆರಳಿನ ಗುರುತು ಹಾಗೆಯೇ ನಿಲ್ಲುವುದು. ನೋಡುವವರು ಕಣ್ಣಿನಿಂದ ನೋಡಲಿ. ಎತ್ತುವವರು ಕುಂಡವನ್ನು ಹಿಡಿದು ಎತ್ತಲಿ.

ನೀರು

ಎಚೆವೇರಿಯಗಳಲ್ಲಿ ಬಾಯಾರಿ ಸತ್ತವು ವಿರಳ, ಮುಳುಗಿ ಸತ್ತವು ಬಹಳ. ಬೆಳಗ್ಗೆ ಸ್ನಾನಮಾಡಿ ತುಳಸಿಗೆ ನೀರೆರೆದು, ತಂಬಿಗೆಯಲ್ಲಿ ಉಳಿದುದನ್ನು ಪಕ್ಕದ ಕುಂಡಗಳಿಗೆಲ್ಲ ಹಂಚುವುದು ನಮ್ಮ ಗೃಹಿಣಿಯರ ಪದ್ಧತಿ. ಪದ್ಧತಿಯು ಒಳ್ಳೆಯದೇ, ಈ ಕುಂಡವನ್ನು ಮಾತ್ರ ಆ ಸಾಲಿನಿಂದ ಬೇರೆ ಇಡತಕ್ಕದ್ದು.

ಕ್ರಮವು ಹೀಗೆ: ಕೊಟ್ಟರೆ ತುಂಬ ಕೊಡಬೇಕು, ಕೊಟ್ಟ ಮೇಲೆ ಪೂರ್ತಿ ಒಣಗುವವರೆಗೆ ಮರೆತುಬಿಡಬೇಕು. ಕುಂಡದ ತಳದ ತೂತಿನಿಂದ ನೀರು ಹರಿಯುವಷ್ಟು ಮಣ್ಣಿಗೆ ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಿಬಿಡುವುದು. ಮತ್ತೆ ಯಾವಾಗ? ಉರಿದು ಉಳಿದ ಊದುಬತ್ತಿಯ ಕಡ್ಡಿಯೊಂದನ್ನು ಕುಂಡದ ಅಂಚಿನಲ್ಲಿ ತಳದವರೆಗೆ ಇಳಿಸಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ಇನ್ನೂ ತೇವವುಂಟು, ಕಾಯಿರಿ. ಕಡ್ಡಿಯು ಒಣಗಿಯೇ ಬಂದರೆ ಎರೆಯಿರಿ. ನಾಲ್ಕಂಗುಲದ ಮಣ್ಣಿನ ಕುಂಡವಾದರೆ ಬೆಂಗಳೂರು, ಮೈಸೂರು ಪ್ರಾಂತಗಳಲ್ಲಿ ಬೇಸಗೆಯಲ್ಲಿ ಏಳರಿಂದ ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹನ್ನೆರಡರಿಂದ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ತಡವಾಗಿ ಎಂಬುದು ಸ್ಥೂಲವಾದ ಲೆಕ್ಕ. ಪಂಚಾಂಗಕ್ಕಿಂತ ಕಡ್ಡಿಯ ಮಾತೇ ಹೆಚ್ಚು ಪ್ರಮಾಣ.

ಎಲೆಗಳೂ ಮಾತಾಡುತ್ತವೆ. ಕೆಳಗಿನ ಎಲೆಗಳು ಮೆತ್ತಗಾಗಿ ಸುಕ್ಕುಬಿದ್ದರೆ ನೀರಡಿಕೆ. ಒಮ್ಮೆ ಎರೆದರೆ ಎರಡು ದಿನಗಳಲ್ಲಿ ತುಂಬಿಕೊಳ್ಳುವುವು. ಎಲೆಯು ಹಳದಿಗಟ್ಟಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚುವಂತಾದರೆ ನೀರು ಹೆಚ್ಚಾಯಿತೆಂದು ತಿಳಿಯತಕ್ಕದ್ದು. ಕೆಳಗಿನ ಒಂದೆರಡು ಎಲೆಗಳು ಕಾಗದದಂತೆ ಒಣಗುವುದು ಮಾತ್ರ ವಯೋಧರ್ಮ; ಹೆದರಬೇಕಾದುದಿಲ್ಲ. ನೀರನ್ನು ನೆತ್ತಿಯ ಮೇಲೆ ಸುರಿಯದೆ ಮಣ್ಣಿಗೇ ಹಾಕಬೇಕು. ನಡುವಿನ ಗೂಡಿನಲ್ಲಿ ನೀರು ನಿಂತರೆ ಕೊಳೆಯುವುದು ಅಲ್ಲಿಂದಲೇ ಮೊದಲಾಗುತ್ತದೆ.

ಮಣ್ಣು ಮತ್ತು ಕುಂಡ

ಬಂಡೆಯ ಬಿರುಕನ್ನು ನೆನಪಿಗೆ ತಂದುಕೊಂಡರೆ ಮಣ್ಣಿನ ಪಾಕವು ತಾನಾಗಿಯೇ ಹೊಳೆಯುವುದು. ಒಂದು ಪಾಲು ತೋಟದ ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಎರಡು ಪಾಲು ಜರಡಿಹಿಡಿದು ನುಣ್ಣನೆಯ ಪುಡಿಯನ್ನು ತೆಗೆದ ದಪ್ಪ ಮರಳು ಮತ್ತು ಕಡಲೆಕಾಳಿನಷ್ಟು ಇಟ್ಟಿಗೆ ಚೂರು. ಜತೆಗೆ ಒಂದು ಹಿಡಿ ಇದ್ದಿಲಿನ ಚೂರು. ಹಿಡಿಯಲ್ಲಿ ಒತ್ತಿ ಬಿಟ್ಟರೆ ಉಂಡೆಯಾಗದೆ ಉದುರಿಹೋಗಬೇಕು. ಬರಿಯ ಎರೆಮಣ್ಣು ಸರ್ವಥಾ ಸಲ್ಲದು. ಗೊಬ್ಬರವನ್ನು ವರ್ಷಕ್ಕೆ ಒಂದೆರಡು ಬಾರಿ, ಬಹಳ ತೆಳುವಾಗಿ ಕೊಟ್ಟರೆ ಸಾಕು. ಹೆಚ್ಚಾದರೆ ಮೈ ಬೆಳೆಯುವುದು, ಬಣ್ಣ ಹೋಗುವುದು.

ಕುಂಡವು ಸುಟ್ಟ ಮಣ್ಣಿನದೇ ಆಗಲಿ. ಅದರ ಗೋಡೆಯಿಂದಲೂ ತೇವವು ಆರಿಹೋಗುವುದರಿಂದ ಬೇರಿಗೆ ಕ್ಷೇಮ. ಗಿಡಕ್ಕಿಂತ ಅಂಗುಲದಷ್ಟು ಅಗಲವಾಗಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಹೆಚ್ಚು ಮಣ್ಣು, ಹೆಚ್ಚು ಮಣ್ಣಿನಲ್ಲಿ ಹೆಚ್ಚು ತೇವ. ತಳದಲ್ಲಿ ತೂತಿಲ್ಲದ ಪಿಂಗಾಣಿಯ ಬಟ್ಟಲುಗಳು ಅಂಗಡಿಯಲ್ಲಿ ಅಂದವಾಗಿ ಕಾಣುವುವು. ಗಿಡಕ್ಕೆ ಅವು ಬಾಗಿಲಿಲ್ಲದ ಮನೆ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಿ, ಬದಲಿಸಿದ ಮೇಲೆ ಐದಾರು ದಿನ ನೀರು ಕೊಡದೆ ಬೇರಿನ ಗಾಯಗಳು ಒಣಗಲು ಬಿಡತಕ್ಕದ್ದು.

ಸೀಮೆಯ ಭೇದ

ಕರ್ಣಾಟಕವೆಲ್ಲ ಒಂದೇ ಹವೆಯಲ್ಲ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆಯು ಈ ಅತಿಥಿಗೆ ಬಹುಮಟ್ಟಿಗೆ ಒಗ್ಗುವುದು. ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ಬಣ್ಣವು ಪೂರ್ಣಕಳೆಗೆ ಬರುವುದು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಉಷ್ಣವು ೪೦ ಡಿಗ್ರಿಯನ್ನು ದಾಟುವಾಗ ಗಿಡವು ಬೆಳವಣಿಗೆಯನ್ನು ನಿಲ್ಲಿಸಿ ನಿದ್ರೆಗೆ ಹೋದಂತಿರುವುದು. ಆಗ ಹತ್ತು ಗಂಟೆಯ ಮೇಲಿನ ಬಿಸಿಲನ್ನು ತಪ್ಪಿಸಿ, ಸಂಜೆ ತಂಪಾದ ಮೇಲೆ ಅಲ್ಪವಾಗಿ ನೀರು ಕೊಡತಕ್ಕದ್ದು. ಮಲೆನಾಡಿನವರೂ ಕರಾವಳಿಯವರೂ ಜ್ಯೇಷ್ಠದಿಂದ ಭಾದ್ರಪದದವರೆಗೆ ಕುಂಡವನ್ನು ಮಳೆ ತಾಕದ, ಗಾಳಿಯಾಡುವ, ಬೆಳಕಿರುವ ಸೂರಿನ ಕೆಳಗೆ ಇಡಬೇಕು. ಮಂಗಳೂರಿನಂಥ ಸೆಕೆಯ ಊರಿನಲ್ಲಿ ಇದನ್ನು ಉಳಿಸುವುದು ಹೆಚ್ಚು ಶ್ರಮದ ಕೆಲಸವೆಂದು ಮೊದಲೇ ಹೇಳಿಬಿಡುವುದು ನ್ಯಾಯ.

ರೋಗ ಮತ್ತು ವಂಶವೃದ್ಧಿ

ಇದರ ಮುಖ್ಯ ಶತ್ರು ಹಿಟ್ಟುತಿಗಣೆ. ಎಲೆಯ ಸಂದಿನಲ್ಲಿ ಹತ್ತಿಯ ಎಳೆಯಂತೆ ಕಾಣುವ ಈ ಕೀಟವು ರಸವನ್ನು ಹೀರುವುದು. ಕುಂಡದಲ್ಲಿ ಇರುವೆಗಳ ಓಡಾಟ ಕಂಡರೆ ಎಚ್ಚರ ವಹಿಸಬೇಕು. ಈ ಕೀಟ ಸೂಸುವ ಸಿಹಿಯನ್ನು ಅರಸಿಯೇ ಅವು ಬರುವುವು. ಔಷಧದ ಅಂಗಡಿಯ ಸ್ಪಿರಿಟ್ಟಿನಲ್ಲಿ ಹತ್ತಿಯ ಬತ್ತಿಯನ್ನು ಅದ್ದಿ ಕೀಟಕ್ಕೆ ಮಾತ್ರ ಮುಟ್ಟಿಸಿದರೆ ಸಾಯುವುದು. ಹೆಚ್ಚಾಗಿದ್ದರೆ ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬೇವಿನ ಎಣ್ಣೆ, ಕೆಲವು ಹನಿ ಸಾಬೂನಿನ ನೀರು ಬೆರಸಿ ಸಂಜೆಯ ಹೊತ್ತು ಸಿಂಪಡಿಸಬಹುದು. ವಾರಕ್ಕೊಮ್ಮೆ ಮೂರು ನಾಲ್ಕು ಬಾರಿ ಮಾಡದಿದ್ದರೆ ಮೊಟ್ಟೆಯಿಂದ ಹೊಸವು ಏಳುವುವು. ಒಣಗಿದ ಎಲೆಗಳೇ ಇವುಗಳ ಅಡಗುದಾಣವಾದುದರಿಂದ ಅವನ್ನು ಆಗಾಗ ತೆಗೆದು ಶುಚಿಯಾಗಿಡತಕ್ಕದ್ದು.

ಕತ್ತು ನೀಳವಾದ ಗಿಡವನ್ನು ಎಸೆಯಬೇಕಾದುದಿಲ್ಲ. ಹರಿತವಾದ, ಶುಚಿಯಾದ ಚೂರಿಯಿಂದ ತಲೆಯನ್ನು ಒಂದೆರಡು ಅಂಗುಲದ ಕಾಂಡದೊಡನೆ ಕತ್ತರಿಸಿ, ಒಂದು ವಾರ ನೆರಳಿನಲ್ಲಿ ಒಣಗಿಸಿ, ಒಣಮಣ್ಣಿನ ಮೇಲೆ ಕೂರಿಸಿದರೆ ಹೊಸ ಬೇರು ಬರುವುದು. ಉಳಿದ ಮೋಟಿನ ಬದಿಯಿಂದಲೂ ಮರಿಗಳು ಹುಟ್ಟುವುವು. ಎಲೆಯಿಂದಲೂ ಗಿಡವನ್ನು ಮಾಡಬಹುದು. ಬಲಿತ ಎಲೆಯನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿ ಬುಡಸಮೇತ ಬಿಡಿಸಿ, ನಾಲ್ಕೈದು ದಿನ ಗಾಯ ಒಣಗಿದ ಮೇಲೆ, ಹೂಳದೆ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿಡುವುದು. ಕೆಲವು ವಾರಗಳಲ್ಲಿ ಗುಲಾಬಿ ಬಣ್ಣದ ಬೇರಿನ ಎಳೆಗಳೂ, ಸಾಸಿವೆಯಷ್ಟು ಪುಟ್ಟ ಕಮಲವೂ ಹೊರಡುವುವು. ಆಗ ಒಂದೆರಡು ಹನಿ ನೀರು ಚಿಮುಕಿಸಬಹುದು. ಮರಿಯು ತನ್ನ ಕಾಲಮೇಲೆ ನಿಲ್ಲುವವರೆಗೆ ತಾಯಿಯೆಲೆಯು ತನ್ನ ರಸವನ್ನೆಲ್ಲ ಕೊಟ್ಟು ತಾನು ಬತ್ತಿಹೋಗುವುದು. ಎಲ್ಲ ಎಲೆಗಳೂ ಚಿಗುರುವುದಿಲ್ಲ. ಆದುದರಿಂದ ಐದಾರನ್ನು ಒಟ್ಟಿಗೆ ಇಡುವುದು ಜಾಣತನ.

ಬೆಳೆದ ಗಿಡವು ಬದಿಯಿಂದ ನೀಳವಾದ ದಂಟನ್ನು ಎಬ್ಬಿಸಿ ಹವಳದ ಬಣ್ಣದ ಗಂಟೆಯಾಕಾರದ ಹೂಗಳನ್ನು ಬಿಡುವುದು. ಹೂ ಬಿಟ್ಟರೆ ಗಿಡವು ಸಾಯುವುದೆಂಬ ಭೀತಿಯು ಕೆಲವರಲ್ಲಿದೆ. ಕತ್ತಾಳೆಯಂಥವಕ್ಕೆ ಆ ಮಾತು ಸಲ್ಲುವುದು. ಎಚೆವೇರಿಯದ ಹೂದಂಟು ಹೊರಡುವುದು ಎಲೆಯ ಕಂಕುಳಿನಿಂದ, ನಡುವಿನ ಮೊಳಕೆಯಿಂದಲ್ಲ. ಆದುದರಿಂದ ಅದಕ್ಕೆ ಅಪಾಯವಿಲ್ಲ.

ಕೊಳ್ಳುವವರಿಗೆ ಎಚ್ಚರಿಕೆ

ಬೇಡಿಕೆಯಿದ್ದಲ್ಲಿ ವಂಚನೆಯೂ ಉಂಟು. ಗಿಡಕ್ಕೆ ಕಡುನೀಲಿ, ಹೊಂಬಣ್ಣಗಳನ್ನು ಸಿಂಪಡಿಸಿ ಮಾರುವವರಿದ್ದಾರೆ. ಬಣ್ಣದ ಲೇಪವು ಎಲೆಗೆ ಬೆಳಕನ್ನು ತಡೆಯುವುದರಿಂದ ಗಿಡವು ಸೊರಗುವುದು. ನಡುವಿನ ಎಳೆಯ ಎಲೆಗಳನ್ನು ನೋಡಿರಿ: ಹೊರಗೆ ನೀಲಿ, ಒಳಗೆ ಹಸುರು ಎಂದಾದರೆ ಅದು ಬಣ್ಣಗಾರನ ಕೆಲಸ. ಸಹಜವಾದ ಕೆಂಪು ಅಂಚಿನಿಂದ ಒಳಕ್ಕೆ ಮೆಲ್ಲಮೆಲ್ಲನೆ ತಿಳಿಯಾಗುತ್ತ ಹೋಗುವುದು. ಮೇಲ್ಮಣ್ಣಿಗೆ ಕಲ್ಲುಗಳನ್ನು ಅಂಟಿನಿಂದ ಅಂಟಿಸಿದ ಕುಂಡವನ್ನೂ ಕೊಳ್ಳಬಾರದು. ಕೊಂಡರೆ ಮೊದಲು ಆ ಕಲ್ಲುಗಳನ್ನು ಕಿತ್ತು ಮಣ್ಣಿಗೆ ಗಾಳಿ ಬಿಡತಕ್ಕದ್ದು.

ಇನ್ನೊಂದು ಅನ್ಯಾಯವು ಇದಕ್ಕಿಂತ ದೊಡ್ಡದು. ಎಚೆವೇರಿಯದ ದಾಯಾದಿಯಾದ ‘ಡಡ್ಲಿಯ’ ಎಂಬ ಗಿಡವು ಅಮೆರಿಕದ ಕ್ಯಾಲಿಫೋರ್ನಿಯ ಸೀಮೆಯ ಕಡಲ ಬಂಡೆಗಳಲ್ಲಿ ಹುಟ್ಟುವುದು. ಬಹುಕಾಲ ಬೆಳೆದ ಗಿಡಗಳಿಗೆ ದೂರದೇಶಗಳಲ್ಲಿ ಬೆಲೆ ಬಂದುದರಿಂದ ಕಳ್ಳರು ಅವನ್ನು ಬಂಡೆಗಳಿಂದ ಸಾವಿರಗಟ್ಟಲೆ ಕಿತ್ತು ಸಾಗಿಸಿದರು. ಕಡೆಗೆ ೨೦೨೧ರಲ್ಲಿ ಆ ಸೀಮೆಯ ಸರಕಾರವು ಇದನ್ನು ತಡೆಯಲು ಪ್ರತ್ಯೇಕವಾದ ಕಾನೂನನ್ನೇ ಮಾಡಬೇಕಾಯಿತು. ಯಾರದೋ ಕಿಟಕಿಯ ಅಂದಕ್ಕಾಗಿ ಒಂದು ಬೆಟ್ಟವು ಬರಿದಾಗುವುದು ಗೃಹಸ್ಥಧರ್ಮಕ್ಕೆ ಒಪ್ಪುವ ಮಾತೆ? ಒಂದೇ ಎಲೆಯಿಂದ ವಂಶವನ್ನು ಬೆಳೆಸಬಹುದಾದ ಗಿಡಕ್ಕೆ ಕಳವೇತಕ್ಕೆ? ನರ್ಸರಿಯಲ್ಲಿ ಬೆಳೆಸಿದುದನ್ನೇ ಕೇಳಿ ಕೊಳ್ಳಿರಿ. ಇಲ್ಲವೆ ನೆರೆಯವರಿಂದ ನಾಲ್ಕು ಎಲೆಗಳನ್ನು ಬೇಡಿ ತನ್ನಿರಿ.

ಹೊಸದಾಗಿ ಮೊದಲುಮಾಡುವವರು ಒಂದೇ ಕುಂಡದಿಂದ ಮೊದಲುಮಾಡಲಿ. ಮಳೆಗಾಲವು ಕಳೆದ ಆಶ್ವಯುಜ, ಕಾರ್ತಿಕ ಮಾಸಗಳೇ ತಕ್ಕ ಕಾಲ. ಮುಂದಿನ ಚಳಿಯ ತಿಂಗಳುಗಳಲ್ಲಿ ಬೇರೂರಿದ ಗಿಡವು ಬೇಸಗೆಯನ್ನು ಎದುರಿಸಬಲ್ಲುದು. ಬಾಡಿಗೆಯ ಮನೆಯಲ್ಲಿ ಒಂದೇ ಕಿಟಕಿಯಿರುವವರಿಗೂ, ಊರಿಗೆ ಹೋದರೆ ಹದಿನೈದು ದಿನ ಬಾರದವರಿಗೂ, ಬಗ್ಗಿ ಕೊಡ ಎತ್ತಲಾರದ ವಯಸ್ಸಿನವರಿಗೂ ಇದು ಹೊಂದಿಕೊಳ್ಳುವ ಒಡನಾಡಿ. ಕೈಗುಣವಿಲ್ಲವೆಂದು ಖಾಲಿ ಕುಂಡವನ್ನು ಹಿತ್ತಿಲಿಗೆ ಹಾಕಿದವರು ಯಾರಾದರೂ ಇದ್ದರೆ, ಅದನ್ನು ತೊಳೆದು ಒಣಗಿಸಿಟ್ಟುಕೊಳ್ಳಲಿ. ಮಳೆ ನಿಂತೊಡನೆ ಅದರಲ್ಲಿ ಒಂದು ಎಲೆಯನ್ನು ಮಲಗಿಸಿದರೆ ಸಾಕು.